ಮೆಟ್ನರ್ ಎರಡನೇ ಪಿಯಾನೊ ಕಾನ್ಸರ್ಟೊ: ಮೂರು ರೆಕಾರ್ಡಿಂಗ್‌ಗಳಲ್ಲಿ ಯಾವುದು ಕೇಳೋದು?

ನಿಕೊಲಾಯ್ ಮೆಟ್ನರ್ ಹೆಸರು ಕೇಳಿದವರು ಬೆಂಗಳೂರಿನಲ್ಲಿ ಕಡಿಮೆಯೇ. ಆದರೆ ಈ ರಷ್ಯನ್ ಸಂಗೀತಗಾರ ತನ್ನ ಕಾನ್ಸರ್ಟೊಗಳನ್ನು (ಆರ್ಕೆಸ್ಟ್ರಾ, ಅಂದರೆ ದೊಡ್ಡ ವಾದ್ಯವೃಂದದ ಜೊತೆ ಪಿಯಾನೊ ನುಡಿಸುವ ಕೃತಿಗಳನ್ನು) ತಾನೇ ನುಡಿಸಿ ರೆಕಾರ್ಡ್ ಮಾಡಲು ಹಣ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಮೂರನೇ ಕಾನ್ಸರ್ಟೊವನ್ನು ಮೆಟ್ನರ್ ಒಡೆಯರಿಗೇ ಅರ್ಪಿಸಿದರು. ನನಗೆ ಜಾಸ್ತಿ ಇಷ್ಟ ಎರಡನೆಯದು, ಇನ್ನೊಬ್ಬ ರಷ್ಯನ್ ಸಂಗೀತಗಾರ ರಾಖ್ಮನಿನೊವ್‌ಗೆ ಅರ್ಪಿಸಿದ್ದು.

ಮೊದಲು ಮೆಟ್ನರ್ ನುಡಿಸಿದ 1947ರ ರೆಕಾರ್ಡಿಂಗ್. ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ, ನಿರ್ದೇಶನ ಇಸ್ಸಾಯ್ ಡೊಬ್ರೊವೆನ್. ಪಿಯಾನೊ ಮುಂದೆ ಕೇಳುತ್ತದೆ, ಆರ್ಕೆಸ್ಟ್ರಾ ಹಿಂದೆಲ್ಲೋ ಮಸುಕಾಗಿ. ಬಸವನಗುಡಿಯ ನಮ್ಮ ಮನೆಯಲ್ಲಿ ಹಗಲು ಸ್ಪೀಕರ್ ಹಾಕಿದರೆ ಬಸ್ಸುಗಳ ಸದ್ದಿಗೆ ಅರ್ಧ ವಯಲಿನ್ ಮಾಯ. ಹೆಡ್‌ಫೋನ್ ಬೇಕೇ ಬೇಕು. ಆಗ ನೋಡಿ, 67ರ ಆ ಮನುಷ್ಯನ ಕೈ ಎಂಥದ್ದು! ಮೊದಲ ಭಾಗ ಟೊಕಾಟಾ. ಓಡುವ ಲಯ, ಆದರೂ ಪ್ರತಿ ಸಾಲಿಗೂ ಉಸಿರಾಡಲು ಜಾಗ ಇದೆ. ಆರ್ಕೆಸ್ಟ್ರಾ ಸುಮ್ಮನಾಗಿ ಪಿಯಾನೊ ಒಂದೇ ನುಡಿಯುವ ದೊಡ್ಡ ಕೆಡೆನ್ಜಾದಲ್ಲಿ ಬೆರಳಿನ ಚಳಕ ತೋರಿಸುವ ಹಟವಿಲ್ಲ. ಹಿರಿಯ ವಿದ್ವಾಂಸರು ಆಲಾಪನೆಗೆ ಅವಸರ ಮಾಡಲ್ಲ ಅಲ್ವಾ, ಹಾಗೆ. ಎರಡನೇ ಭಾಗ ರೊಮಾಂಜಾದಲ್ಲಂತೂ ಒಳಗಿನ ಸ್ವರಗಳೂ ಹಾಡುತ್ತವೆ.

ಪಿಯಾನೊ ವಾದಕ ನಿಕೊಲಾಯ್ ಡೆಮಿಡೆಂಕೊ ರೆಕಾರ್ಡ್ ಕಂಪನಿ ಹೈಪೀರಿಯನ್‌ಗೆ ಮಾಡಿದ್ದು ಬಿಬಿಸಿ ಸ್ಕಾಟಿಷ್ ಸಿಂಫನಿ ಆರ್ಕೆಸ್ಟ್ರಾ, ನಿರ್ದೇಶಕ ಮಕ್ಸಿಮಿಯುಕ್ ಜೊತೆ. ಜೋರು, ನಾಟಕೀಯ. ಕೇಳುವಾಗ ಮೈ ಜುಂ ಅನ್ನುತ್ತದೆ ನಿಜ. ಆದರೆ ಮೆಟ್ನರ್ ಮಾತಾಡಿದ ಕಡೆ ಇವರು ಘೋಷಣೆ ಮಾಡುತ್ತಾರೆ ಅನ್ನಿಸಿತು. ಮತ್ತೆ ಮತ್ತೆ ಹಾಕಿಕೊಳ್ಳಬೇಕು ಅನ್ನಿಸಲಿಲ್ಲ.

ಪಿಯಾನೊ ವಾದಕ ಮಾರ್ಕ್-ಆಂದ್ರೆ ಹ್ಯಾಮಲಿನ್ ಕಥೆ ಬೇರೆ. ನಿರ್ದೇಶಕ ವ್ಲಾಡಿಮಿರ್ ಯುರೊವ್‌ಸ್ಕಿ, ಲಂಡನ್ ಫಿಲ್‌ಹಾರ್ಮೋನಿಕ್ ಜೊತೆಗಿನ ಈ ಆಲ್ಬಂ ಬಂದದ್ದು 2017ರಲ್ಲಿ. ಮಲ್ಲೇಶ್ವರದ ಗೆಳೆಯನ ಮನೆಯ ದೊಡ್ಡ ಸ್ಪೀಕರ್‌ನಲ್ಲಿ ಕೇಳಿದೆ. ಹಳೆಯದರಲ್ಲಿ ಕಿವಿಗೇ ಬೀಳದ ಕೊಳಲು, ಕ್ಲಾರಿನೆಟ್ ಇಲ್ಲಿ ಪಿಯಾನೊಗೆ ಎದುರು ಉತ್ತರ ಕೊಡುತ್ತವೆ. ಮೆಟ್ನರ್ ಆರ್ಕೆಸ್ಟ್ರಾಗೆ ಬರೆಯೋದರಲ್ಲಿ ಅಷ್ಟಕ್ಕಷ್ಟೇ ಅನ್ನುವವರು ಇದನ್ನು ಕೇಳಲೇಬೇಕು. ಕೊನೆಯ ಭಾಗ, ಡಿವರ್ಟಿಸ್ಮೆಂಟ್, ಕುಣಿದಾಡುತ್ತದೆ. ಅಲ್ಲಿ ಹ್ಯಾಮಲಿನ್‌ದೇ ಗೆಲುವು, ಅನುಮಾನವಿಲ್ಲ. ಜೊತೆಗೆ ರಾಖ್ಮನಿನೊವ್ ಮೂರನೇ ಕಾನ್ಸರ್ಟೊನೂ ಇದೆ. ಹೊಸಬರಿಗೆ ಇದನ್ನೇ ಮೊದಲು ಕೊಡುತ್ತೇನೆ. ರಾಗಗಳು ಕಿವಿಗೆ ಪರಿಚಯವಾದ ಮೇಲೆ 1947ರದ್ದು ಹಾಕಿ. ಆಗ ಮಸುಕು ಸದ್ದು ಅಡ್ಡ ಬರುವುದಿಲ್ಲ.