ಹಳೆಯ ಅಗ್ಗಿಷ್ಟಿಕೆಯೊಳಗೆ ಹೊಸ ಸೌದೆ ಒಲೆ: ಒಂದು ಚಳಿಗಾಲ ಬಳಸಿದ ಮೇಲೆ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಳೆಯ ಮನೆಗಳಲ್ಲಿ ಇಟ್ಟಿಗೆಯ ಅಗ್ಗಿಷ್ಟಿಕೆ ಸಾಮಾನ್ಯ, ಆದರೆ ಅದರಿಂದ ಮನೆ ಬೆಚ್ಚಗಾಗುತ್ತದೆ ಎಂದು ನಂಬುವಂತಿಲ್ಲ. ತೆರೆದ ಬಾಯಿಯಲ್ಲಿ ಉರಿ ಎದ್ದಷ್ಟೂ ಚಿಮಣಿಯು ಕೋಣೆಯ ಬಿಸಿ ಗಾಳಿಯನ್ನು ಮೇಲಕ್ಕೆ ಸೆಳೆದುಕೊಳ್ಳುತ್ತದೆ, ಆ ಜಾಗ ತುಂಬಲು ಕಿಟಕಿ ಬಾಗಿಲುಗಳ ಸಂದಿಯಿಂದ ಕೊರೆಯುವ ಗಾಳಿ ಒಳಗೆ ನುಗ್ಗುತ್ತದೆ. ಹೀಗಾಗಿ ಎದುರು ಕುಳಿತವರ ಮೊಣಕಾಲು ಕಾಯುವ ಹೊತ್ತಿಗೆ ಹಿಂದಿನ ಮಲಗುವ ಕೋಣೆಗಳು ಮೊದಲಿಗಿಂತ ತಣ್ಣಗಾಗಿರುತ್ತವೆ. ಈ ಬಾಯಿಯೊಳಗೆ ಕೂರಿಸುವ, ಗಾಜಿನ ಬಾಗಿಲಿರುವ ಮುಚ್ಚಿದ ಒಲೆಯನ್ನು ಇಲ್ಲಿ ಇನ್ಸರ್ಟ್ ಎನ್ನುತ್ತಾರೆ. ಹೀಟಿಂಗ್ ಆಯಿಲ್‌ನ ಖರ್ಚು ತಗ್ಗಬೇಕು ಎಂಬುದು ನಾವು ಅದನ್ನು ಹಾಕಿಸಿಕೊಳ್ಳಲು ಒಂದು ಕಾರಣ. ಇನ್ನೊಂದು, ಕರೆಂಟ್ ಹೋದರೆ ಆ ಎಣ್ಣೆ ಉರಿಸಿ ಮನೆ ಬೆಚ್ಚಗಿಡುವ ಆಯಿಲ್ ಫರ್ನೇಸ್ ಕೂಡ ನಿಂತುಹೋಗುತ್ತದೆ. 2008ರ ಡಿಸೆಂಬರ್‌ನಲ್ಲಿ ಮರಗಳ ಮೇಲೆ ಮಂಜುಗಡ್ಡೆ ಕಟ್ಟಿ, ಕೊಂಬೆಗಳು ಮುರಿದು, ತಂತಿಗಳು ಹರಿದು, ಈ ರಾಜ್ಯದ ಅನೇಕ ಮನೆಗಳು ವಾರಕ್ಕೂ ಹೆಚ್ಚು ಕಾಲ ಕತ್ತಲೆಯಲ್ಲಿ ಕಳೆದದ್ದನ್ನು ಇಲ್ಲಿನ ಹಿರಿಯರು ಇಂದಿಗೂ ಮರೆತಿಲ್ಲ.

ಈ ಒಲೆಗೆ ಕೊಟ್ಟ ಹಣ ದಂಡವಾಗಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಆದರೆ ಯಾವ ಕಂಪನಿಯದನ್ನು ಕೊಳ್ಳಬೇಕು ಎಂದು ತಲೆ ಕೆಡಿಸಿಕೊಳ್ಳುವ ಸಮಯದಲ್ಲಿ ಅರ್ಧದಷ್ಟನ್ನಾದರೂ ಸೌದೆಗೂ ಚಿಮಣಿಗೂ ಮೀಸಲಿಡಬೇಕು, ಏಕೆಂದರೆ ಒಲೆಯ ಗುಣ ತೋರುವುದು ಇವೆರಡೂ ಸರಿಯಿದ್ದಾಗ ಮಾತ್ರ.

ನಾವು ಆರಿಸಿದ್ದು ಕ್ಯಾಟಲಿಸ್ಟ್ (ಕಡಿಮೆ ಶಾಖದಲ್ಲೇ ಹೊಗೆ ಉರಿಯುವಂತೆ ಮಾಡುವ, ಲೇಪನವಿರುವ ಜಾಲರಿ) ಇಲ್ಲದ ಮಧ್ಯಮ ಗಾತ್ರದ ಮಾದರಿ. ಇದರ ಗೂಡಿನ ಮೇಲ್ಭಾಗದಲ್ಲಿ ಸಣ್ಣ ಸಣ್ಣ ತೂತುಗಳುಳ್ಳ ಉಕ್ಕಿನ ಕೊಳವೆಗಳು ಅಡ್ಡಲಾಗಿವೆ. ಸೌದೆಯಿಂದ ಎದ್ದ ಹೊಗೆಯಲ್ಲಿ ಇನ್ನೂ ಉರಿಯಬಲ್ಲ ಅನಿಲಗಳಿರುತ್ತವೆ. ಗೂಡಿನ ಶಾಖ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಈ ತೂತುಗಳಿಂದ ಬರುವ ಕಾದ ಗಾಳಿ ತಗುಲಿ ಆ ಹೊಗೆಯೇ ಹೊತ್ತಿಕೊಳ್ಳುತ್ತದೆ. ಆಗ ಗಾಜಿನ ಮೂಲಕ ನೋಡಿದರೆ ಜ್ವಾಲೆ ಸೌದೆಗೆ ಅಂಟಿಕೊಂಡಿರುವುದಿಲ್ಲ. ಛಾವಣಿಯ ತೂತು ತೂತಿನಿಂದಲೂ ಕೆಳಮುಖವಾಗಿ ಜೋತುಬಿದ್ದು ಬಹಳ ನಿಧಾನವಾಗಿ ಅಲೆಯುತ್ತಿರುತ್ತದೆ. ಆ ಹೊತ್ತಿನಲ್ಲಿ ಅಂಗಳಕ್ಕೆ ಹೋಗಿ ಚಿಮಣಿಯ ತುದಿಯನ್ನು ನೋಡಿದರೆ ಹೊಗೆ ಕಾಣುವುದಿಲ್ಲ, ಬಿಸಿ ಗಾಳಿಯ ಕಂಪನವಷ್ಟೇ ಕಾಣುತ್ತದೆ. 2020ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ನಿಯಮದ ಪ್ರಕಾರ, ಇಂಥ ಹೊಸ ಒಲೆ ಗಂಟೆಗೆ 2 ಗ್ರಾಂಗಿಂತ ಹೆಚ್ಚು ಹೊಗೆಕಣಗಳನ್ನು ಬಿಡಬಾರದು; ಮನೆಯಲ್ಲಿ ಉರಿಸುವಂಥ ಸೀಳಿದ ಸೌದೆಯಿಂದಲೇ ಪರೀಕ್ಷೆ ನಡೆಸಿದ್ದರೆ ಆ ಮಿತಿ 2.5 ಗ್ರಾಂ.

ಕೂರಿಸುವ ಕೆಲಸದಲ್ಲಿ ಎಚ್ಚರ ಬೇಕು. ನಾವು ಮೊದಲು ವಿಚಾರಿಸಿದ ಅಂಗಡಿಯವರು ಒಲೆಯ ತಲೆಗೆ ಕೆಲವೇ ಅಡಿ ಕೊಳವೆ ಸಿಕ್ಕಿಸಿ, ಉಳಿದದ್ದನ್ನು ಹಳೆಯ ಇಟ್ಟಿಗೆ ಚಿಮಣಿಗೇ ಬಿಟ್ಟು, ಅಗ್ಗದ ಲೆಕ್ಕ ಕೊಟ್ಟರು. ಯಾರೇ ಹೀಗೆ ಹೇಳಿದರೂ ಒಪ್ಪಬೇಡಿ. ಅಗಲವಾದ ತಣ್ಣನೆಯ ಚಿಮಣಿಯಲ್ಲಿ ಹೊಗೆ ನಿಧಾನವಾಗಿ ಏರುತ್ತಾ ಗೋಡೆಗೆ ಡಾಂಬರಿನಂಥ ಕ್ರಿಯೋಸೋಟ್ ಆಗಿ ಕಟ್ಟುತ್ತದೆ, ಚಿಮಣಿಗೆ ಬೆಂಕಿ ಬೀಳುವುದು ಇದರಿಂದಲೇ. ಒಲೆಯಿಂದ ಚಿಮಣಿಯ ತುದಿಯವರೆಗೂ ಸ್ಟೇನ್‌ಲೆಸ್ ಸ್ಟೀಲ್ ಲೈನರ್, ಅಂದರೆ ಒಳಕೊಳವೆ, ಇಳಿಸಬೇಕು. ನಮ್ಮದು 6 ಇಂಚಿನದು. ಲೈನರ್ ಸುತ್ತಲಿನ ಖಾಲಿ ಜಾಗವನ್ನು ಅಗ್ಗಿಷ್ಟಿಕೆಯ ಮೇಲ್ಭಾಗದಲ್ಲಿ ತಗಡಿನಿಂದ ಮುಚ್ಚಿಸಿದರೆ ಬಿಸಿ ಕೋಣೆಗೆ ಬರುತ್ತದೆ, ಇಲ್ಲದಿದ್ದರೆ ಇಟ್ಟಿಗೆಯ ಪಾಲಾಗುತ್ತದೆ. ಎಲ್ಲ ಸೇರಿ ಐದಾರು ಸಾವಿರ ಡಾಲರ್ ಖರ್ಚಾಗುತ್ತದೆ. ದಕ್ಷ ಒಲೆಗಳಿಗೆ ಬೆಲೆಯ ಶೇ. 30ರಷ್ಟು, ಗರಿಷ್ಠ 2,000 ಡಾಲರ್‌ವರೆಗೆ ಸಿಗುತ್ತಿದ್ದ ಕೇಂದ್ರ ಸರ್ಕಾರದ ತೆರಿಗೆ ರಿಯಾಯಿತಿ 2025ರ ಕೊನೆಗೆ ನಿಂತಿರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಊರಿನ ಕಚೇರಿಯ ಪರವಾನಗಿ ಪಡೆದು, ಮನೆಯ ವಿಮೆಯವರಿಗೂ ತಿಳಿಸಿಡಬೇಕು.

ಮೊದಲ ಕೆಲವು ಉರಿಗಳು ಸಣ್ಣದಾಗಿರಬೇಕು. ಹೊಸ ಬಣ್ಣ ಶಾಖಕ್ಕೆ ಗಟ್ಟಿಯಾಗುವಾಗ ಘಾಟು ಬರುತ್ತದೆ, ಒಲೆಯ ಮೈಯಿಂದಲೇ ತೆಳ್ಳಗೆ ಹೊಗೆ ಏಳುತ್ತದೆ. ಕಿಟಕಿ ತೆರೆದಿಟ್ಟು, ಮಕ್ಕಳನ್ನೂ ವಯಸ್ಸಾದವರನ್ನೂ ಬೇರೆ ಕೋಣೆಯಲ್ಲಿರಿಸುವುದು ಒಳ್ಳೆಯದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಈ ಒಲೆ ಹಚ್ಚಲೇಬಾರದು.

ಇನ್ನು ಸೌದೆ. ಇಲ್ಲಿ ಅದನ್ನು ಕಾರ್ಡ್ ಲೆಕ್ಕದಲ್ಲಿ ಮಾರುತ್ತಾರೆ; 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ಒಟ್ಟಿಲು ಒಂದು ಕಾರ್ಡ್, ಅಂದರೆ 128 ಘನ ಅಡಿ. ಒಣಗಿದ್ದು ಎಂದು ಹೇಳಿ ನಮಗೆ ಹಾಕಿಹೋದ ಓಕ್ ಮರದ ಸೀಳುಗಳನ್ನು ಮತ್ತೆ ಸೀಳಿ, ಹೊಸ ಮುಖಕ್ಕೆ ತೇವಮಾಪಕದ ಮುಳ್ಳು ಚುಚ್ಚಿದಾಗ ತೇವಾಂಶ ಶೇ. 30ಕ್ಕೂ ಮೇಲಿತ್ತು, ಇರಬೇಕಾದದ್ದು ಶೇ. 20ಕ್ಕಿಂತ ಕಡಿಮೆ. ಹೊರಮೈಯನ್ನು ಅಳೆದರೆ ಈ ಸತ್ಯ ತಿಳಿಯುವುದಿಲ್ಲ. ಅದನ್ನು ಒಲೆಗಿಟ್ಟರೆ ತುದಿಯಲ್ಲಿ ನೀರು ಗುಳ್ಳೆಗುಳ್ಳೆಯಾಗಿ ಚುಸ್ಸೆನ್ನುತ್ತದೆ, ಗಾಜು ಕಪ್ಪಾಗುತ್ತದೆ, ಮೇಲಿನ ಕೊಳವೆಗಳಲ್ಲಿ ಉರಿ ಹತ್ತುವುದೇ ಇಲ್ಲ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೊದಲೇ ಸೌದೆ ಕೊಟ್ಟಿಗೆ ತುಂಬಿಸಿಡುವ ಮನೆಗಳಲ್ಲಿ ಬೆಳೆದವರಿಗೆ ಒಣ ಸೌದೆಯ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಬಚ್ಚಲ ಹಂಡೆಯ ಒಲೆ ಅರೆಹಸಿ ಕಟ್ಟಿಗೆಯನ್ನು ಊದಿ ಊದಿಯಾದರೂ ಉರಿಸಿಕೊಳ್ಳುತ್ತದೆ, ಈ ಒಲೆ ಅಷ್ಟು ಸೈರಿಸುವುದಿಲ್ಲ. ಆ್ಯಶ್ ಮರ ಬೇಗ ಒಣಗುತ್ತದೆ. ಓಕ್‌ಗೆ ಸೀಳಿ ಒಟ್ಟಿದ ಮೇಲೂ ಎರಡು ವರ್ಷ ಬೇಕು.

ಹಚ್ಚುವಾಗ ದಪ್ಪ ಸೀಳುಗಳನ್ನು ಕೆಳಗಿಟ್ಟು, ಅವುಗಳ ಮೇಲೆ ತೆಳು ಚಕ್ಕೆ, ಎಲ್ಲಕ್ಕೂ ಮೇಲೆ ಪುಳ್ಳೆ ಇಟ್ಟು ತುದಿಯಿಂದ ಬೆಂಕಿ ಕೊಡುವ ಕ್ರಮ ಚೆನ್ನಾಗಿದೆ, ಹೊಗೆ ಕಡಿಮೆ. ಗಾಳಿಯ ಹಿಡಿಯನ್ನು ಒಮ್ಮೆಲೇ ಮುಚ್ಚದೆ, ಉರಿ ಬಲಿತಂತೆಲ್ಲ ಹಂತಹಂತವಾಗಿ ಮುಚ್ಚುತ್ತಾ ಬರಬೇಕು. ಮರುತುಂಬುವಾಗ ನಿಗಿನಿಗಿ ಕೆಂಡವನ್ನು ಮುಂದಕ್ಕೆ ಎಳೆದುಕೊಂಡು ಹಿಂದೆ ಸೀಳುಗಳನ್ನು ಜೋಡಿಸಿದರೆ ಬೇರೆ ಕಡ್ಡಿ ಗೀರುವ ಅಗತ್ಯವಿಲ್ಲ. ರಾತ್ರಿ ಹತ್ತಕ್ಕೆ ತುಂಬಿಸಿದ ಒಲೆಯಲ್ಲಿ ಬೆಳಿಗ್ಗೆ ಬೂದಿಯ ಕೆಳಗೆ ಕೆಂಡ ಉಳಿದಿರುತ್ತದೆ, ಆದರೆ ಅಷ್ಟು ಹೊತ್ತಿಗೆ ಮನೆ ತಣಿಯಲು ಶುರುವಾಗಿರುತ್ತದೆ. ಇಡೀ ರಾತ್ರಿ ಒಂದೇ ಸಮನೆ ಬಿಸಿ ಬೇಕೆನ್ನುವವರು ದೊಡ್ಡ ಗೂಡಿನದನ್ನೋ ಕ್ಯಾಟಲಿಸ್ಟ್ ಇರುವುದನ್ನೋ ನೋಡಬೇಕು. ತೆಗೆದ ಬೂದಿಯನ್ನು ಮುಚ್ಚಳವಿರುವ ಲೋಹದ ಬಕೆಟ್‌ನಲ್ಲಿ ಮನೆಯಿಂದ ಹೊರಗೇ ಇಡಬೇಕು, ಅದರೊಳಗಿನ ಕೆಂಡ ದಿನಗಟ್ಟಲೆ ಆರದೆ ಇರಬಲ್ಲದು.

ಕೊರತೆಯೂ ಇದೆ. ಒಲೆಯ ಬಿಸಿಯನ್ನು ಕೋಣೆಗೆ ದೂಡುವ ಫ್ಯಾನ್ ಆದ ಬ್ಲೋವರ್‌ನ ಸದ್ದು ಮೇಲಿನ ವೇಗದಲ್ಲಿ ಟಿವಿಯ ಮಾತನ್ನು ನುಂಗುತ್ತದೆ, ಕರೆಂಟ್ ಇಲ್ಲದಾಗ ಬ್ಲೋವರ್ ನಿಂತು ಕೋಣೆಗೆ ಬರುವ ಬಿಸಿ ಗಣನೀಯವಾಗಿ ಇಳಿಯುತ್ತದೆ. ಆಗಲೂ ಎದುರಿನ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ಕುಳಿತಿರಲು ತೊಂದರೆಯಿಲ್ಲ. ದೂರದ ಕೋಣೆಗಳಿಗೆ ಬಿಸಿ ತಾನಾಗಿ ಹೋಗುವುದಿಲ್ಲ. ಅಲ್ಲಿ ನೆಲದ ಮೇಲೆ ಸಣ್ಣ ಫ್ಯಾನ್ ಇಟ್ಟು ತಣ್ಣನೆಯ ಗಾಳಿಯನ್ನು ಒಲೆಯ ಕಡೆಗೆ ದೂಡಿದರೆ ಬಿಸಿ ಗಾಳಿ ಮೇಲಿನಿಂದ ಅತ್ತ ಹರಿಯುತ್ತದೆ. ಜನವರಿಯಲ್ಲಿ ದೋಸೆ ಹಿಟ್ಟು ಹುದುಗದೆ ಪರದಾಡುವ ಮನೆಗಳಿಗೆ ಒಂದು ಮಾತು: ಒಲೆಯಿಂದ ಏಳೆಂಟು ಅಡಿ ದೂರದ ಕಪಾಟಿನ ಮೇಲೆ ಪಾತ್ರೆ ಇಟ್ಟರೆ ಬೆಳಿಗ್ಗೆ ಉಕ್ಕಿರುತ್ತದೆ.

ಚಳಿಗಾಲ ಮುಗಿದ ಮೇಲೆ ಚಿಮಣಿ ಗುಡಿಸಲು ಬಂದವರು ಲೈನರ್‌ನಿಂದ ಉದುರಿಸಿದ್ದು ಬೊಗಸೆಯಷ್ಟು ಒಣ ಕಂದು ಪುಡಿ. ಜಿಗುಟು ಎಲ್ಲೂ ಇರಲಿಲ್ಲ. ಈ ತಪಾಸಣೆಯನ್ನು ವರ್ಷಕ್ಕೊಮ್ಮೆ ತಪ್ಪದೆ ಮಾಡಿಸಬೇಕು. ಒಲೆ ಕೊಳ್ಳುವ ಯೋಚನೆಯಿರುವವರು ಏಪ್ರಿಲ್‌ನಲ್ಲೇ ಸೌದೆ ತರಿಸಿ, ಗಾಳಿಯಾಡುವಂತೆ ಒಟ್ಟಿ, ಮೇಲ್ಭಾಗಕ್ಕೆ ಮಾತ್ರ ಹೊದಿಕೆ ಹಾಕಿಡಲಿ. ಅಂಗಡಿಗೆ ಹೋಗುವುದು ಆಮೇಲೆ.