ಆರ್‌ಎಕ್ಸ್ 100 ಇರುವವರೇ, ಕಾರ್ಬೊರೇಟರ್ ಬಿಚ್ಚೋಕೆ ಕೊಡೋ ಮುಂಚೆ ಓದಿ

ಮೈಸೂರಲ್ಲಿ ಹಳೇ ಗಾಡಿ ರಿಪೇರಿಗೆ ಕೊಡುವವರು ದಯವಿಟ್ಟು ಪೂರ್ತಿ ಓದಿ. ಬರೆಯೋಕೂ ನಾಚಿಕೆ ಆಗ್ತಿದೆ, ಹೊಟ್ಟೆನೂ ಉರೀತಿದೆ.

ನಮ್ಮದು 1993ರ ಯಮಹಾ ಆರ್‌ಎಕ್ಸ್ 100, ಅಪ್ಪನ ಗಾಡಿ. ಕಾಲು ಭಾಗ ರೇಸ್ ಕೊಟ್ಟಾಗ ಮಾತ್ರ ತೊಂದರೆ. ಒಂದು ಕ್ಷಣ ಎಳೆಯುತ್ತೆ, ಇನ್ನೊಂದು ಕ್ಷಣ ಆಫ್ ಆದ ಹಾಗೆ ಆಗುತ್ತೆ, ಮತ್ತೆ ಜಗ್ಗುತ್ತೆ. ಪೂರ್ತಿ ತಿರುವಿದರೆ ಸಲೀಸಾಗಿ ಹೋಗುತ್ತೆ. ಮೈಸೂರು–ಮಂಡ್ಯ ಓಡಾಡುವವರಿಗೆ ಗೊತ್ತು, 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡಲ್ಲ. ಸರ್ವಿಸ್ ರೋಡಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ನಿಧಾನಕ್ಕೆ ಹೋಗಬೇಕು. ಅಲ್ಲೇ ಈ ಕಾಟ.

ಮೈಸೂರಿನ ಗ್ಯಾರೇಜಿನವನು ಸ್ಟಾರ್ಟ್ ಮಾಡಿ ರೇಸ್ ಕೊಟ್ಟು ನೋಡಿದ, ಅಷ್ಟೇ. "ಕಾರ್ಬೊರೇಟರ್ ಹೋಗಿದೆ ಸಾರ್, ಬಾಡಿನೇ ಸವೆದಿದೆ, ಹೊಸದೇ ಹಾಕ್ಬೇಕು" ಅಂದ. ಕಾರ್ಬೊರೇಟರ್ ಅಂದರೆ ಗಾಳಿ, ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡೋ ಭಾಗ. ಚೋಕ್ ಎಳೆದರೆ ಸ್ವಲ್ಪ ಸರಿಹೋಗುತ್ತೆ, ಪ್ಲಗ್ ಬೆಳ್ಳಗಿದೆ ಅಂತ ನಾನು ಬಾಯಿಬಿಟ್ಟು ಹೇಳಿದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅನ್ನೋಕೆ ಮೆಕ್ಯಾನಿಕ್ ಆದವನಿಗೆ ಅಷ್ಟು ಸಾಕಲ್ವಾ? ಕಮ್ಮಿ ರೇಸಲ್ಲಿ ಪೆಟ್ರೋಲ್ ಬಿಡೋ ಸಣ್ಣ ತೂತಿನ ಸ್ಲೋ ಜೆಟ್ ಬಿಚ್ಚಿ ನೋಡಲಿಲ್ಲ, ಗಾಳಿ ಹೆಚ್ಚುಕಮ್ಮಿ ಮಾಡೋ ಏರ್ ಸ್ಕ್ರೂ ಮುಟ್ಟಲಿಲ್ಲ. "ಇಪ್ಪತ್ತು ವರ್ಷದಿಂದ ಇದೇ ಕೆಲಸ ಸಾರ್ ನಂದು" ಅಂದ. ಹೊಸ ಕಾರ್ಬೊರೇಟರ್ ಹಾಕಿ 6,500 ರೂಪಾಯಿ ತಗೊಂಡ. ಬಿಲ್ ಕೇಳಿದರೆ "ಬಿಲ್ ಯಾಕೆ ಸಾರ್, ನಾನೇ ಇದ್ದೀನಲ್ಲ."

ಗಾಡಿ ಹಾಗೇ ಇತ್ತು. ಫೋನ್ ಮಾಡಿದರೆ "ಹೊಸದಲ್ವಾ ಸಾರ್, ಸೆಟ್ ಆಗ್ಬೇಕು, ಓಡ್ಸಿ." ಮತ್ತೆ ಮಾಡಿದರೆ "ಪೆಟ್ರೋಲಲ್ಲಿ ಎಥನಾಲ್ ಸಾರ್, ಎಲ್ಲಾರ್ದೂ ಹಂಗೇ." ಪೆಟ್ರೋಲ್ ದೋಷ ಆಗಿದ್ದರೆ ಕಾರ್ಬೊರೇಟರ್ ಯಾಕೆ ಬದಲಾಯಿಸಿದೆ? ಅದಕ್ಕೆ ಉತ್ತರ ಇಲ್ಲ, ಫೋನ್ ಕಟ್.

ಕೊನೆಗೆ ಮಂಡ್ಯದಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಹೋದೆ. ಎಂಜಿನ್ ಓಡ್ತಿರುವಾಗಲೇ, ಕಾರ್ಬೊರೇಟರ್‌ಗೂ ಎಂಜಿನ್‌ಗೂ ನಡುವಿನ ರಬ್ಬರ್ ಜಾಯಿಂಟ್ ಸುತ್ತ ಕ್ಲೀನರ್ ಸ್ಪ್ರೇ ಹೊಡೆದರು. ತಕ್ಷಣ ಸದ್ದು ಬದಲಾಯಿತು. ರಬ್ಬರ್ ಬಿಚ್ಚಿ ಕೈಗೆ ಕೊಟ್ಟರು. ಸುಮ್ನೆ ನೋಡಿದರೆ ಏನೂ ಕಾಣಲ್ಲ. ಬೆರಳಲ್ಲಿ ಬಗ್ಗಿಸಿದಾಗ ಕೆಳಗಡೆ ಉಗುರಿನುದ್ದ ಸೀಳು ಬಾಯಿ ಬಿಡುತ್ತೆ. ಕಮ್ಮಿ ರೇಸಲ್ಲಿ ಎಂಜಿನ್ ಎಳೆಯೋ ಗಾಳಿಯೇ ಸ್ವಲ್ಪ. ಅದಕ್ಕೆ ಈ ಸೀಳಿನ ಗಾಳಿ ಸೇರಿದರೆ ಲೆಕ್ಕ ತಪ್ಪುತ್ತೆ. ಪೂರ್ತಿ ರೇಸಲ್ಲಿ ಅದು ಗೊತ್ತೇ ಆಗಲ್ಲ. ಟೂ ಸ್ಟ್ರೋಕ್ ಎಂಜಿನ್, ಹೀಗೇ ಓಡಿಸಿದ್ದರೆ ಕಾದು ಪಿಸ್ಟನ್ ಕಚ್ಚಿಕೊಂಡು ಸೀಜ್ ಆಗೋ ಅಪಾಯ ಬೇರೆ. ಹೊಸ ರಬ್ಬರ್ ಹಾಕಿ ಏರ್ ಸ್ಕ್ರೂ ಸೆಟ್ ಮಾಡಿದರು. ಜಗ್ಗೋದು ನಿಂತಿತು. ಎಲ್ಲ ಸೇರಿ 500 ರೂಪಾಯಿ ದಾಟಲಿಲ್ಲ.

ಆಮೇಲೆ ಅವರು ಕೇಳಿದರು, "ಮಿಕುನಿ ಎಲ್ಲಿ? ಇದು ಡೂಪ್ಲಿಕೇಟು ಕಣಪ್ಪ." ಮಿಕುನಿ ಅಂದರೆ ಈ ಗಾಡಿಗೆ ಕಂಪನಿಯಿಂದಲೇ ಬಂದ ಕಾರ್ಬೊರೇಟರ್‌ನ ಹೆಸರು. ಬಗ್ಗಿ ನೋಡಿದೆ. ಬಾಡಿ ಮೇಲೆ ಹೆಸರೇ ಇಲ್ಲ. ಮೈಯೆಲ್ಲ ಉರಿದುಹೋಯಿತು. ಆರ್‌ಎಕ್ಸ್ 100 ತಯಾರಿಕೆ ನಿಂತಿದ್ದು 1996ರಲ್ಲಿ. ಗಾಡಿ ಜೊತೆ ಬಂದ ಒರಿಜಿನಲ್ ಮಿಕುನಿಗೆ ಹುಡುಕಿಕೊಂಡು ಬಂದು ದುಡ್ಡು ಕೊಡುವವರಿದ್ದಾರೆ. ಮೈಸೂರಿನ ಗ್ಯಾರೇಜಿನವನಿಗೆ ಅದು ಚೆನ್ನಾಗಿ ಗೊತ್ತು!

ವಾಪಸ್ ಹೋಗಿ ಹಳೇ ಕಾರ್ಬೊರೇಟರ್ ಕೊಡು ಅಂದೆ. "ಗುಜರಿಗೆ ಹೋಯ್ತು ಸಾರ್." ಯಾವ ಗುಜರಿ? "ಯಾರೋ ಬರ್ತಾರೆ, ತಗೊಂಡೋಗ್ತಾರೆ." ಸೀಳಿದ ರಬ್ಬರ್ ತೋರಿಸಿದೆ. "ಅದು ಆಮೇಲೆ ಹೋಗಿರುತ್ತೆ." ಗಿರಾಕಿಗಳೆಲ್ಲ ನೋಡ್ತಿದ್ದರು. "ಹಳೇ ಗಾಡಿ ಇಟ್ಕೊಂಡು ನಮ್ ತಲೆ ತಿನ್ಬೇಡಿ, ಹೊಸದು ತಗೊಳ್ಳಿ" ಅಂದುಬಿಟ್ಟ. ಕಳ್ಳತನ ಮಾಡಿದವನು ನಾನೇ ಅನ್ನೋ ಹಾಗೆ. ಮನೆಗೆ ಬಂದರೆ ಅಪ್ಪ ಕೇಳಿದ್ದು ಒಂದೇ, "ಮಿಕುನಿ ಸಿಕ್ತಾ?"

ಬಿಚ್ಚಿದ ಪಾರ್ಟ್ ಕೈಗೆ ಬರದೆ ದುಡ್ಡು ಕೊಡಬೇಡಿ. ಗಾಡಿ ಬಿಡೋ ಮುಂಚೆ ಕಾರ್ಬೊರೇಟರ್ ಫೋಟೋ ತೆಗೆದಿಟ್ಟುಕೊಳ್ಳಿ. ಕಮ್ಮಿ ರೇಸಲ್ಲಿ ಮಾತ್ರ ಜಗ್ಗಿದರೆ ಮೊದಲು ಆ ರಬ್ಬರ್, ಆಮೇಲೆ ಸ್ಲೋ ಜೆಟ್. ಇವೆರಡೂ ನೋಡದೆ "ಹೊಸದು ಹಾಕ್ಬೇಕು" ಅನ್ನುವವನ ಹತ್ತಿರ ನಿಲ್ಲಲೇಬೇಡಿ.

ನಮ್ಮ ಮಿಕುನಿಯ ಕೆಳಗಿನ ಬೌಲ್ ಮೇಲೆ ಅಪ್ಪ ಅರದಲ್ಲಿ ಉಜ್ಜಿದ ಎರಡು ಅಡ್ಡಗೀರು ಇವೆ. ಮೈಸೂರಲ್ಲಾಗಲಿ ಮಂಡ್ಯದಲ್ಲಾಗಲಿ ಯಾರಾದರೂ ಅದನ್ನ ಮಾರೋಕೆ ತೋರಿಸಿದರೆ ದಯವಿಟ್ಟು ನನಗೆ ತಿಳಿಸಿ.