ಮಂಗಳೂರು–ಮುಂಬೈ ಜಂಪ್ ಸೀಟ್: ಕೊಡಗಿನಿಂದ ಡ್ಯೂಟಿಗೆ ಓಡಾಡುವ ಪೈಲಟ್‌ನ ಅನುಭವ

ಕೊಡಗಿನಲ್ಲಿ ವಿಮಾನ ನಿಲ್ದಾಣವೂ ಇಲ್ಲ, ರೈಲು ನಿಲ್ದಾಣವೂ ಇಲ್ಲ. ಮನೆ ಮೂರ್ನಾಡಿನಲ್ಲಿ, ಬೇಸ್ (ಡ್ಯೂಟಿ ಶುರುವಾಗುವ ನಿಲ್ದಾಣ) ಮುಂಬೈಯಲ್ಲಿ ಇರುವ ನಾನು ಕೆಲವು ವರ್ಷಗಳಿಂದ ನಮ್ಮ ಕಂಪನಿಯ ಜಂಪ್ ಸೀಟ್ ಸೌಲಭ್ಯವನ್ನೇ ನೆಚ್ಚಿಕೊಂಡು ಓಡಾಡುತ್ತಿದ್ದೇನೆ. ಪ್ರಯಾಣಿಕರ ಕ್ಯಾಬಿನ್‌ನಲ್ಲಿ ಆಸನ ಉಳಿದರೆ ಅಲ್ಲಿ, ಇಲ್ಲವಾದರೆ ಕಾಕ್‌ಪಿಟ್‌ನಲ್ಲಿ ಪೈಲಟ್‌ಗಳ ಹಿಂದಿರುವ ಹೆಚ್ಚುವರಿ ಆಸನವಾದ ಜಂಪ್ ಸೀಟಿನಲ್ಲಿ, ಡ್ಯೂಟಿಯಲ್ಲಿಲ್ಲದ ಪೈಲಟ್ ಕೂತು ಹೋಗುವ ಅವಕಾಶವಿದು. ಇದನ್ನು ಓದುವ ಪೈಲಟ್‌ಗಳು ಸಿಬ್ಬಂದಿಯ ಪೋರ್ಟಲ್‌ನಲ್ಲಿ ಇದರ ನಿಯಮಗಳನ್ನು ನೋಡಿರುತ್ತಾರೆ, ಆದ್ದರಿಂದ ಅವನ್ನು ಮತ್ತೆ ಬರೆಯುವುದಿಲ್ಲ. ಆ ನಿಯಮಗಳಲ್ಲಿ ಎಲ್ಲಿಯೂ ಕಾಣದ ಒಂದು ಸಂಗತಿಯಿದೆ: ಈ ಸೌಲಭ್ಯ ನಮ್ಮ ಕೈಗೆ ಸಿಗುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಗೇಟಿನಲ್ಲಿ ನಿಂತಿರುವ ಗ್ರೌಂಡ್ ಸ್ಟಾಫ್ ನಮಗೆ ಎಷ್ಟು ಬೇಗ ನಿಜ ಹೇಳುತ್ತಾರೆ ಎಂಬುದರ ಮೇಲೆ ನಿಂತಿದೆ.

ನನ್ನ ದೂರು ಇರುವುದೂ ಅಲ್ಲಿಯೇ. ಸೀಟು ಸಿಗದಿರುವುದಕ್ಕೆ ನನ್ನ ತಕರಾರಿಲ್ಲ, ಏಕೆಂದರೆ ಹಣ ಕೊಟ್ಟ ಪ್ರಯಾಣಿಕರು ಮೊದಲು, ನಾವು ಆಮೇಲೆ ಎಂಬುದು ಸರಿಯಾದ ಕ್ರಮ. ಆದರೆ ಸಿಗುವುದಿಲ್ಲವೆಂದು ಗೊತ್ತಿದ್ದೂ ಕೊನೆಯ ಗಳಿಗೆಯವರೆಗೆ ‘ನೋಡೋಣ ಸರ್’ ಎಂದು ಕೂರಿಸುವುದನ್ನು ನಾನು ಒಪ್ಪಲಾರೆ. ದೇಶೀಯ ವಿಮಾನಗಳ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವುದಕ್ಕೆ 60 ನಿಮಿಷ ಮೊದಲು ಮುಚ್ಚುತ್ತದೆ, ಗೇಟು 25 ನಿಮಿಷ ಮೊದಲು ಮುಚ್ಚುತ್ತದೆ. ಸೀಟು ಉಳಿದರೆ ಮಾತ್ರ ಹತ್ತಬಹುದಾದ ಸ್ಟ್ಯಾಂಡ್‌ಬೈ ಪಟ್ಟಿಯಲ್ಲಿರುವವನ ಹಣೆಬರಹ ತೀರ್ಮಾನವಾಗುವುದು ಈ ಎರಡರ ನಡುವೆ. ಕೌಂಟರ್ ಮುಚ್ಚಿದ ಕೂಡಲೇ ಲೆಕ್ಕ ಬಹುತೇಕ ಕಣ್ಣೆದುರಿಗೇ ಇರುತ್ತದೆ. ಆಗಲೇ ‘ಇವತ್ತು ಆಗುವುದಿಲ್ಲ’ ಎಂದು ಹೇಳಿದರೆ ಮುಂದಿನ ವಿಮಾನಕ್ಕೆ ಹೆಸರು ಬರೆಸಬಹುದು, ಟಿಕೆಟ್ ಕೊಳ್ಳಬಹುದು, ಅಥವಾ ರಾತ್ರಿ ಬಸ್ಸಿಗೆ ಹೋಗಬಹುದು. ಅರ್ಧ ಗಂಟೆ ತಡವಾಗಿ ಬರುವ ಅದೇ ಉತ್ತರ ಈ ಮೂರು ದಾರಿಗಳನ್ನೂ ಮುಚ್ಚಿಬಿಡುತ್ತದೆ.

ಇದು ಬರಿಯ ಅನುಕೂಲದ ಪ್ರಶ್ನೆಯಲ್ಲ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು ದಾಟಿ ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಗೆ ಸುಮಾರು 140 ಕಿ.ಮೀ. ಆಗುತ್ತದೆ, ಮಳೆಗಾಲದಲ್ಲಿ ನಾಲ್ಕು ಗಂಟೆಯಾದರೂ ಹಿಡಿಯುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡುಗಳ ಬಳಿ ಗುಡ್ಡ ಕುಸಿದು ಆ ರಸ್ತೆಯೇ ಮುಚ್ಚಿಹೋದದ್ದನ್ನು ನಮ್ಮ ಕಡೆಯವರು ಮರೆತಿಲ್ಲ. ಅಷ್ಟು ದೂರ ಬಂದು, ಕಾದು, ವಿಮಾನ ತಪ್ಪಿ, ಮಾರನೆಯ ಬೆಳಿಗ್ಗೆ ಹೇಗೋ ಮುಂಬೈ ಸೇರಿ ನಿದ್ದೆಗೆಟ್ಟು ಕಾಕ್‌ಪಿಟ್‌ಗೆ ಹೋಗುವುದು ಯಾವ ಪೈಲಟ್‌ಗೂ ತಕ್ಕದ್ದಲ್ಲ. 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೋ ಬಳಿ ಬಿದ್ದು 50 ಜನರ ಸಾವಿಗೆ ಕಾರಣವಾದ ವಿಮಾನದ ಸಹ ಪೈಲಟ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ಸರಕು ವಿಮಾನಗಳಲ್ಲಿ ಪ್ರಯಾಣ ಮಾಡಿ ಬೇಸ್ ತಲುಪಿದ್ದರು. ಅಪಘಾತಕ್ಕೆ ಮುಖ್ಯ ಕಾರಣ ಸ್ಟಾಲ್ (ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾರದ ಸ್ಥಿತಿ) ಎಚ್ಚರಿಕೆಗೆ ಕ್ಯಾಪ್ಟನ್ ತೋರಿದ ತಪ್ಪು ಪ್ರತಿಕ್ರಿಯೆಯಾಗಿದ್ದರೂ ತನಿಖೆಯಲ್ಲಿ ಪೈಲಟ್‌ಗಳ ದಣಿವು, ದೂರದ ಓಡಾಟಗಳ ಪ್ರಶ್ನೆಯೂ ಎದ್ದಿತು. ಆ ವರದಿಯನ್ನು ಓದಿದ ಮೇಲೆ ನಾನು ಡ್ಯೂಟಿಯ ದಿನವೇ ಪ್ರಯಾಣ ಮಾಡುವುದಿಲ್ಲ. ಹಿಂದಿನ ದಿನ ಸಂಜೆಯೊಳಗೆ ಮುಂಬೈ ಸೇರಿ ಪೂರ್ತಿ ನಿದ್ದೆ ಮಾಡುವುದು ನನ್ನ ನಿಯಮ. ಗೇಟಿನಲ್ಲಿ ತಡವಾಗುವ ಒಂದು ಉತ್ತರ ತಿನ್ನುವುದು ಆ ನಿದ್ದೆಯನ್ನೇ.

ಮುಂಬೈಯಿಂದ ಮನೆಗೆ ಹೊರಡುವಾಗಲೂ ಇದೇ ಪಾಡು. ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಯ ಹಿಂದಿನ ದಿನ ಒಮ್ಮೆ ಗೇಟಿನಲ್ಲಿದ್ದ ಯುವಕನೊಬ್ಬ ನನ್ನ ಐಡಿ ಕಾರ್ಡನ್ನು ಕೀಬೋರ್ಡ್ ಪಕ್ಕದಲ್ಲಿಟ್ಟುಕೊಂಡು, ಬೋರ್ಡಿಂಗ್ ಮುಗಿಯುವವರೆಗೆ ನನ್ನತ್ತ ನೋಡದೆ, ಕೊನೆಗೆ ಕಾರ್ಡನ್ನು ಕೈಗಿತ್ತು ‘ಕ್ಲೋಸ್ ಆಯ್ತು ಸರ್’ ಎಂದಷ್ಟೇ ಹೇಳಿದ. ಕಾಕ್‌ಪಿಟ್‌ನಲ್ಲಿ ಜಾಗವಿತ್ತೇ, ಕ್ಯಾಪ್ಟನ್‌ರನ್ನು ಕೇಳಿದ್ದರೇ ಎಂಬ ಪ್ರಶ್ನೆಗಳಿಗೆ ಉತ್ತರವೇ ಬರಲಿಲ್ಲ. ಆ ಸಂಜೆ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಹೊಸ ಭತ್ತದ ಕದಿರು ತೆಗೆಯಲು ಸಿದ್ಧರಾಗುತ್ತಿದ್ದಾಗ ನಾನು ಮುಂಬೈಯ ಕೋಣೆಯಲ್ಲಿದ್ದೆ. ಈ ನೋವು ಇನ್ನೂ ಇದೆ.

ಇಷ್ಟು ಹೇಳಿದ ಮೇಲೆ ಅವರ ಕೆಲಸದ ಸ್ವರೂಪವನ್ನೂ ಹೇಳಲೇಬೇಕು, ಏಕೆಂದರೆ ಕಾದು ನಿಂತ ಅಷ್ಟೂ ಹೊತ್ತು ನಾನು ಅದನ್ನು ಹತ್ತಿರದಿಂದ ನೋಡಿದ್ದೇನೆ. ಮಂಗಳೂರಿನಲ್ಲಿ ಕೌಂಟರಿನಲ್ಲಿ ಬ್ಯಾಗ್ ತೂಗಿದವರೇ ಅರ್ಧ ಗಂಟೆಯ ನಂತರ ಗೇಟಿಗೆ ಓಡಿಬರುತ್ತಾರೆ. ಒಂದು ಕೈಯಲ್ಲಿ ವಾಕಿಟಾಕಿ, ಇನ್ನೊಂದರಲ್ಲಿ ಸ್ಕ್ಯಾನರ್. ಗಾಲಿಕುರ್ಚಿಯ ಹಿರಿಯರು ಮೊದಲು, ಎಳೆ ಮಕ್ಕಳಿರುವವರು ಆಮೇಲೆ. ಬ್ಯಾಗ್ ಕೊಟ್ಟ ಪ್ರಯಾಣಿಕ ಗೇಟಿಗೆ ಬಾರದಿದ್ದರೆ ಅವನ ಬ್ಯಾಗನ್ನು ವಿಮಾನದ ಹೊಟ್ಟೆಯೊಳಗಿನಿಂದ ಹುಡುಕಿ ಇಳಿಸಬೇಕು, ಅದಾಗದೆ ವಿಮಾನ ಕದಲುವಂತಿಲ್ಲ. ಒಳಗೆ ಹೋದವರ ಸಂಖ್ಯೆಯೂ ಪಟ್ಟಿಯ ಸಂಖ್ಯೆಯೂ ತಾಳೆಯಾಗಬೇಕು. ಕಾಕ್‌ಪಿಟ್‌ನಲ್ಲಿ ಕೂರುವವನ ತೂಕವೂ ಲೋಡ್ ಶೀಟಿಗೆ (ವಿಮಾನದ ಒಟ್ಟು ತೂಕದ ಲೆಕ್ಕಪತ್ರ) ಸೇರಬೇಕಾದ್ದರಿಂದ ಅದು ಅಂತಿಮವಾಗುವ ಮೊದಲೇ ನನ್ನ ಹೆಸರು ಅಲ್ಲಿಗೆ ಹೋಗಬೇಕು.

ಪ್ರಯಾಣಿಕರಿಗೆ ಕಾಣದ ಇನ್ನೊಂದು ವಿಷಯವಿದೆ. ಬಜ್ಪೆಯ ರನ್‌ವೇ ಗುಡ್ಡದ ಮೇಲಿದೆ, ಉದ್ದ 2,450 ಮೀಟರ್. ಜುಲೈನಲ್ಲಿ ರನ್‌ವೇ ಒದ್ದೆಯಾಗಿದ್ದು, ಮುಂಬೈಯಲ್ಲೂ ಜೋರು ಮಳೆಯಿದ್ದರೆ, ಆಕಾಶದಲ್ಲಿ ಸುತ್ತು ಹೊಡೆಯುವುದಕ್ಕೂ ದೂರದ ಬದಲಿ ನಿಲ್ದಾಣಕ್ಕೆ ಹೋಗುವುದಕ್ಕೂ ಹೆಚ್ಚುವರಿ ಇಂಧನ ತುಂಬಿಸಬೇಕಾಗುತ್ತದೆ. ಆಗ ಆಸನ ಖಾಲಿಯಿದ್ದರೂ ತೂಕಕ್ಕೆ ಅವಕಾಶವಿರುವುದಿಲ್ಲ. ಖಾಲಿ ಆಸನಗಳನ್ನು ಕಣ್ಣಾರೆ ಕಂಡು ಸಿಬ್ಬಂದಿಯ ಮೇಲೆ ರೇಗುವ ಸಹೋದ್ಯೋಗಿಗಳನ್ನು ನಾನು ನೋಡಿದ್ದೇನೆ. ಆ ರೇಗಾಟ ತಪ್ಪು ಜಾಗದಲ್ಲಿ ಆಗುತ್ತದೆ.

ಮಂಗಳೂರಿನ ಗೇಟಿನಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳಿಂದಾಗಿ ಈ ಸೌಲಭ್ಯದ ಬಗ್ಗೆ ನನ್ನ ಅಭಿಪ್ರಾಯ ಮೆತ್ತಗಾಯಿತು ಎನ್ನಬೇಕು. ಮೊದಲ ಸಲ ಅವರು ನನ್ನ ಕಾರ್ಡನ್ನು ತಿರುಗಿಸಿ ನೋಡಿ, ಸ್ಕ್ರೀನಿನಲ್ಲಿ ಹೆಸರು ತಾಳೆ ಮಾಡಿ ಹೇಳಿದ್ದು ಇಷ್ಟು: ‘ಈಗಲೇ ಹೇಳ್ತೇನೆ ಕ್ಯಾಪ್ಟನ್, ಕ್ಯಾಬಿನ್ ಫುಲ್ ಉಂಟು. ಜಂಪ್ ಸೀಟಿಗೆ ಮೇಲೆ ಕೇಳ್ತೇನೆ. ಹತ್ತು ನಿಮಿಷದಲ್ಲಿ ಆಗ್ತದೋ ಇಲ್ವೋ ಹೇಳ್ತೇನೆ, ನೀವು ಇಲ್ಲೇ ಎದುರಿಗೆ ಇರಿ.’ ಹತ್ತು ನಿಮಿಷದೊಳಗೆ ಅವರು ಮರಳಿ ಬಂದು, ಆಗುವುದಿಲ್ಲ ಎಂದರು. ಕಾರಣವನ್ನೂ ಹೇಳಿದರು: ತರಬೇತಿಯ ಪರಿಶೀಲನೆಗಾಗಿ ಕಾಕ್‌ಪಿಟ್‌ನಲ್ಲಿ ಬೇರೊಬ್ಬರು ಕೂರುವವರಿದ್ದರು. ಆ ನಿರಾಕರಣೆಯಿಂದ ನನಗೆ ಸಿಕ್ಕಿದ್ದು ಸಮಯ. ರಾತ್ರಿಯ ವಿಮಾನಕ್ಕೆ ಟಿಕೆಟ್ ಕೊಂಡು, ಊಟ ಮಾಡಿ, ನೆಮ್ಮದಿಯಿಂದ ಹೊರಟೆ. ಅಂದಿನಿಂದ ಅವರ ಪಾಳಿ ಇದೆಯೆಂದರೆ ನನ್ನ ಮನಸ್ಸು ಸಂಪಾಜೆ ಇಳಿಯುವಾಗಲೇ ಹಗುರವಾಗಿರುತ್ತದೆ.

ನನ್ನ ಪದ್ಧತಿಯೂ ಕ್ರಮೇಣ ಗಟ್ಟಿಯಾಗಿದೆ. ಹಿಂದಿನ ರಾತ್ರಿ ಕಂಪನಿಯ ಆ್ಯಪ್‌ನಲ್ಲಿ ಲೋಡ್, ಅಂದರೆ ವಿಮಾನ ಎಷ್ಟು ತುಂಬಿದೆ ಎಂದು ನೋಡುತ್ತೇನೆ, ಬೆಳಿಗ್ಗೆ ಮತ್ತೊಮ್ಮೆ ನೋಡುತ್ತೇನೆ. ಸುಳ್ಯದಲ್ಲಿ ನಿಲ್ಲಿಸಿ ಮನೆಯಿಂದ ತಂದ ಫ್ಲಾಸ್ಕಿನ ಬೆಲ್ಲದ ಕಾಫಿ ಕುಡಿದು ಅಂಗಿ ಬದಲಿಸುತ್ತೇನೆ, ಏಕೆಂದರೆ ಘಾಟಿಯ ತಿರುವುಗಳಲ್ಲಿ ಮುದುರಿದ ಅಂಗಿಯಲ್ಲಿ ಸಹಾಯ ಕೇಳಲು ಹೋಗುವುದು ಕೇಳಿಸಿಕೊಳ್ಳುವವರಿಗೆ ಅಗೌರವ. ಗೇಟಿನಲ್ಲಿ ಬೋರ್ಡಿಂಗ್ ಶುರುವಾಗುವ ಮೊದಲು ಒಮ್ಮೆ ಹೋಗಿ, ಕಾರ್ಡು ಕೊಟ್ಟು, ಹೆಸರು ಹೇಳಿ, ಅವರ ಕಣ್ಣಿಗೆ ಬೀಳುವಂತೆ ಪಕ್ಕಕ್ಕೆ ನಿಲ್ಲುತ್ತೇನೆ. ನಡುವೆ ಹೋಗಿ ‘ಏನಾಯಿತು’ ಎಂದು ಕೇಳುವುದಿಲ್ಲ. ಕೊಡಗಿನ ಕಾಫಿ ಪುಡಿಯ ಪೊಟ್ಟಣವನ್ನು ವಿಮಾನದೊಳಗಿನ ಸಿಬ್ಬಂದಿಗೆ ಕೊಡುವುದುಂಟು. ಗೇಟಿನವರಿಗೆ ಎಂದೂ ಕೊಟ್ಟಿಲ್ಲ. ಸೀಟು ನಿರ್ಧರಿಸುವವರ ಕೈಗೆ ಏನೇ ಕೊಟ್ಟರೂ ಅದು ಸೀಟಿನ ಬೆಲೆಯಂತೆ ಕಾಣುತ್ತದೆ, ಅವರನ್ನು ಆ ಇಕ್ಕಟ್ಟಿಗೆ ದೂಡುವುದು ನನಗೆ ಇಷ್ಟವಿಲ್ಲ.

ಕಾರ್ಡನ್ನು ಎರಡೆರಡು ಸಲ ನೋಡುತ್ತಾರೆಂದು ಬೇಸರಪಡುವವರಿಗೂ ಒಂದು ಮಾತು. 1994ರ ಏಪ್ರಿಲ್ 7ರಂದು ಅಮೆರಿಕದ ಸರಕು ವಿಮಾನವೊಂದರಲ್ಲಿ ಜಂಪ್ ಸೀಟ್ ಪ್ರಯಾಣಿಕನಾಗಿ ಹತ್ತಿದ ಅದೇ ಕಂಪನಿಯ ನೌಕರ ಸಿಬ್ಬಂದಿಯ ಮೇಲೆ ಸುತ್ತಿಗೆಯಿಂದ ದಾಳಿ ಮಾಡಿದ್ದ. 2023ರ ಅಕ್ಟೋಬರ್ 22ರಂದು ಕಾಕ್‌ಪಿಟ್‌ನಲ್ಲಿ ಕುಳಿತಿದ್ದ, ಡ್ಯೂಟಿಯಲ್ಲಿಲ್ಲದ ಪೈಲಟ್ ಒಬ್ಬ ಹಾರಾಟದ ನಡುವೆಯೇ ಎಂಜಿನ್ ಬೆಂಕಿ ನಂದಿಸುವ ಹ್ಯಾಂಡಲ್‌ಗಳಿಗೆ ಕೈ ಹಾಕಿದ. ಅಮೆರಿಕದಲ್ಲಿ ಬೇರೆ ಕಂಪನಿಯ ಪೈಲಟ್ ಕೂಡ ಕಾಕ್‌ಪಿಟ್‌ನಲ್ಲಿ ಕೂರಬಹುದು, ಆದರೆ 2001ರ ಸೆಪ್ಟೆಂಬರ್ ದಾಳಿಗಳ ನಂತರ ಗೇಟಿನಲ್ಲಿ ಅವನ ಗುರುತನ್ನು ಡೇಟಾಬೇಸ್‌ನಲ್ಲಿ ಪರಿಶೀಲಿಸುವ ‘ಕ್ಯಾಸ್’ ವ್ಯವಸ್ಥೆ ಬಂದ ಮೇಲೆಯೇ ಅದು ಮತ್ತೆ ಸಾಧ್ಯವಾಯಿತು. ನಮ್ಮಲ್ಲಿ ಈ ಸೌಲಭ್ಯ ಸ್ವಂತ ಕಂಪನಿಯ ವಿಮಾನಗಳಿಗಷ್ಟೇ ಸೀಮಿತ. ಎಲ್ಲ ಪರಿಶೀಲನೆ ಮುಗಿದ ಮೇಲೂ ಕೊನೆಯ ಮಾತು ಆ ವಿಮಾನದ ಕ್ಯಾಪ್ಟನ್‌ದೇ, ಅದು ಹಾಗೆಯೇ ಇರಬೇಕು.

ಆಸನದ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ. ಬೆನ್ನು ನೇರವಾಗಿರುತ್ತದೆ, ಕಾಲು ಚಾಚಲಾಗುವುದಿಲ್ಲ, ಹತ್ತು ಸಾವಿರ ಅಡಿಯ ಕೆಳಗೆ ಅನಗತ್ಯ ಮಾತು ಆಡುವಂತಿಲ್ಲ. ಮಂಗಳೂರಿನಲ್ಲಿ ಇಳಿಯುವಾಗ ನದಿಯೂ ಕಡಲೂ ತೆರೆದುಕೊಳ್ಳುವ ನೋಟ ಹಣ ಕೊಟ್ಟರೂ ಸಿಗುವಂಥದ್ದಲ್ಲ.

2025ರ ಜುಲೈ 1ರಿಂದ ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿದ ಮೇಲೆ ಕೊಡಗಿಗೆ ಬಂದು ಹೋಗುವುದು ನಿಜಕ್ಕೂ ಸಾಧ್ಯವಾಗಿದೆ, ಈ ಸೌಲಭ್ಯದ ಬೆಲೆಯೂ ಹೆಚ್ಚಿದೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕವನ್ನು ಹಿಡಿದಿರುವುದು ಗೇಟಿನ ಸಿಬ್ಬಂದಿಯ ಮೇಲಿನ ಸಿಟ್ಟಿನಿಂದಲ್ಲ. ಸ್ಟ್ಯಾಂಡ್‌ಬೈ ಪಟ್ಟಿಯಲ್ಲಿ ನಾವು ಎಷ್ಟನೆಯವರು, ಕಾಕ್‌ಪಿಟ್‌ನ ಆಸನಕ್ಕೆ ಬೇರೆ ಯಾರಾದರೂ ಇದ್ದಾರೆಯೇ ಎಂಬುದನ್ನು ಕಂಪನಿಯು ಆ್ಯಪ್‌ನಲ್ಲಿಯೇ ತೋರಿಸಿದರೆ ಅವರ ಮೇಲಿನ ಹೊರೆಯೂ ನಮ್ಮ ಕಾಯುವಿಕೆಯೂ ಒಟ್ಟಿಗೆ ಇಳಿಯುತ್ತವೆ, ಆ ಕೆಲಸ ಇನ್ನೂ ಆಗಿಲ್ಲ. ಕೊಡಗಿನಿಂದ ಹೀಗೆ ಓಡಾಡಲು ಯೋಚಿಸುತ್ತಿರುವ ಕಿರಿಯ ಪೈಲಟ್‌ಗಳಿಗೆ ನನ್ನ ಸಲಹೆ ಇದು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮತ್ತು ಕಾವೇರಿ ಸಂಕ್ರಮಣ, ಹುತ್ತರಿಗಳ ಹಿಂದುಮುಂದಿನ ದಿನಗಳಲ್ಲಿ ಟಿಕೆಟ್‌ಗೆ ಹಣ ಎತ್ತಿಡಿ. ದಕ್ಷಿಣ ಕೊಡಗಿನವರಾದರೆ 2018ರ ಡಿಸೆಂಬರ್‌ನಲ್ಲಿ ಆರಂಭವಾದ ಕಣ್ಣೂರು ನಿಲ್ದಾಣವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ, ವಿರಾಜಪೇಟೆಯಿಂದ ಮಾಕುಟ್ಟದ ದಾರಿಯಲ್ಲಿ ಅದು ಮಂಗಳೂರಿಗಿಂತ ಬಹಳ ಹತ್ತಿರ. ಉಳಿದ ತಿಂಗಳುಗಳಲ್ಲಿ ಜಂಪ್ ಸೀಟನ್ನು ನಂಬಬಹುದು, ಕೌಂಟರ್ ಮುಚ್ಚುವ ಹೊತ್ತಿಗೆ ಮಾತ್ರ ಅಲ್ಲಿ ಹಾಜರಿರಬೇಕು.